ಸುಣ್ಣದ ಹರಳಿನಲ್ಲಿ ಕೂತ ಬೆಂಕಿ

ಯುಗಾದಿ ಹತ್ತಿರವಾಯಿತೆಂದರೆ ಕೂಡ್ಲಿಗಿ, ಕೊಟ್ಟೂರು ಸೀಮೆಯ ಹಳ್ಳಿಗಳಲ್ಲಿ ಮನೆಗೆ ಸುಣ್ಣ ಬಳಿಯುವ ಗಡಿಬಿಡಿ. ಡಿಸ್ಟೆಂಪರ್ ಡಬ್ಬಗಳು ಬಂದ ಮೇಲೆ ಈ ಕೆಲಸ ಎಷ್ಟೋ ಕಡಿಮೆಯಾಗಿದೆ, ನಿಜ. ಆದರೂ ದನದ ಕೊಟ್ಟಿಗೆ, ಹಿತ್ತಲ ಗೋಡೆ, ಗುಡಿಯ ಕಟ್ಟೆಗಳಿಗೆ ಇಂದಿಗೂ ಸುಣ್ಣವೇ ಆಗಬೇಕು. ಸಂತೆಯಿಂದ ತಂದ ಸುಣ್ಣದ ಹರಳನ್ನು ಅಂಗಳದ ಮೂಲೆಯಲ್ಲಿ ಹಳೆಯ ಬಾನಿಗೆ ಸುರಿದು ಮೇಲಿಷ್ಟು ನೀರು ಹುಯ್ದರೆ ಸಾಕು. ಮೊದಲು ಏನೂ ಆಗುವುದಿಲ್ಲ. ಕಲ್ಲು ನೀರು ಕುಡಿಯುತ್ತದೆ, ಸಣ್ಣಗೆ ಸಿಡಿಯುತ್ತದೆ, ಬಿರುಕು ಬಿಡುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಕೊತಕೊತ ಕುದಿತ, ಹಬೆ, ಬುಗ್ಗೆ. ಸುತ್ತ ನಿಂತ ಹುಡುಗರಿಗೆ ಅದೊಂದು ಜಾತ್ರೆ. ಒಳಗಿನಿಂದ ಅಜ್ಜಿಯ ಕೂಗು: 'ಏ, ದೂರ ಸರೀರೋ, ಕಣ್ಣಿಗೆ ಹಾರತೈತಿ!'

ಒಲೆ ಇಲ್ಲ, ಸೌದೆ ಇಲ್ಲ, ಬೆಂಕಿಕಡ್ಡಿ ಗೀರಿದವರಿಲ್ಲ. ತಣ್ಣನೆಯ ಕಲ್ಲಿಗೆ ತಣ್ಣೀರು ಬಿದ್ದು ಬಾನಿ ಕುದಿಯಿತು. ಈ ಶಾಖ ಬಂದದ್ದೆಲ್ಲಿಂದ? ಪ್ರಶ್ನೆ ಅಂಗಳದ್ದಾದರೂ ಇದರ ಉತ್ತರ ಹುಡುಕುತ್ತ ಯುರೋಪಿನ ವಿಜ್ಞಾನಿಗಳು ಸುಮಾರು ನೂರು ವರ್ಷ ತೆಗೆದುಕೊಂಡರು. ಇಂದು ರಸಾಯನಶಾಸ್ತ್ರದ ಪಠ್ಯದಲ್ಲಿ ಪಿಯುಸಿ ವಿದ್ಯಾರ್ಥಿಗಳನ್ನು ಕಾಡುವ 'ಎಂಥಾಲ್ಪಿ' ಎಂಬ ಮಾತಿನ ಅರ್ಥವೆಲ್ಲ ಈ ಬಾನಿಯೊಳಗೇ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಉತ್ತರಕ್ಕೆ ಬಾನಿಯಿಂದ ಹಿಂದಕ್ಕೆ, ಹೊಲಕ್ಕೆ ಹೋಗಬೇಕು. ಬಳ್ಳಾರಿ ಸೀಮೆಯ ಎರೆ ಹೊಲಗಳಲ್ಲಿ ಉಳುವಾಗ ಬೂದುಬಿಳಿ ಬಣ್ಣದ, ಶುಂಠಿಯ ಗಂಟಿನಂತಹ ಕಲ್ಲುಗಳು ಮೇಲೆ ಬರುತ್ತವೆ. ರೈತನಿಗೆ ಇದು ಕಾಟ. ಸುಣ್ಣ ಸುಡುವವನಿಗೆ ಇದೇ ಬಂಡವಾಳ. ಮಳೆನೀರಿನಲ್ಲಿ ಕರಗಿದ ಸುಣ್ಣದ ಅಂಶ ಒಣ ಹವೆಯಲ್ಲಿ ಮಣ್ಣಿನೊಳಗೇ ಗಟ್ಟಿಯಾಗಿ ಇಂಥ ಗಂಟು ಕಟ್ಟುತ್ತದೆ. ಉತ್ತರ ಕರ್ನಾಟಕದ ಊರುಗಳಲ್ಲಿ 'ಸುಣಗಾರ' ಎಂಬ ಅಡ್ಡಹೆಸರಿನ ಮನೆತನಗಳು ಇಂದಿಗೂ ಇವೆ. ಕಲ್ಲು ಆಯ್ದು, ಭಟ್ಟಿ ಹೂಡಿ, ಸುಣ್ಣ ಸುಡುವುದು ಇವರ ಹಿರಿಯರ ಕಸುಬು. ಒಂದು ಪದರ ಸೌದೆ ಅಥವಾ ಇದ್ದಿಲು, ಅದರ ಮೇಲೊಂದು ಪದರ ಕಲ್ಲು, ಮತ್ತೆ ಸೌದೆ, ಮತ್ತೆ ಕಲ್ಲು. ಹೀಗೆ ಭಟ್ಟಿ ತುಂಬಿ ಕೆಳಗಿನಿಂದ ಬೆಂಕಿ ಇಡುತ್ತಾರೆ. ಒಳಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ತಾಪ ಏರಬೇಕು. ಏರಿ ಅಲ್ಲಿಯೇ ನಿಲ್ಲಬೇಕು. ಅವಸರ ಮಾಡಿ ಬೆಂಕಿ ಆರಿಸಿದರೆ ಕಲ್ಲಿನ ಹೊಟ್ಟೆ ಹಸಿಯಾಗಿಯೇ ಉಳಿಯುತ್ತದೆ. ಅಂಥ ಹರಳಿಗೆ ನೀರು ಹಾಕಿದರೆ ಹೊರಭಾಗ ಅರಳಿ, ನಡುವೆ ಕಲ್ಲಿನ ಗುಂಡು ಉಳಿದುಬಿಡುತ್ತದೆ.

ಬೆಂದ ಕಲ್ಲನ್ನು ಎತ್ತಿ ನೋಡಿದರೆ ಒಂದು ವಿಚಿತ್ರ. ಆಕಾರ ಹೆಚ್ಚು ಕಡಿಮೆ ಮೊದಲಿನದೇ, ಆದರೆ ಭಾರ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಶುದ್ಧವಾದ 100 ಕಿಲೊ ಸುಣ್ಣದ ಕಲ್ಲು ಸುಟ್ಟರೆ ಸಿಗುವುದು 56 ಕಿಲೊ ಸುಟ್ಟಸುಣ್ಣ. ಉಳಿದ 44 ಕಿಲೊ ಇಂಗಾಲದ ಡೈ ಆಕ್ಸೈಡ್ ಅನಿಲವಾಗಿ ಭಟ್ಟಿಯ ಬಾಯಿಂದ ಆಕಾಶಕ್ಕೆ ಹೋಗಿರುತ್ತದೆ.

ಹದಿನೆಂಟನೆಯ ಶತಮಾನದ ನಡುವಿನವರೆಗೂ ಪಂಡಿತರು ಬೇರೆಯೇ ಒಂದು ಕಥೆ ನಂಬಿದ್ದರು. ಭಟ್ಟಿಯಲ್ಲಿ ಕಲ್ಲು ಬೆಂಕಿಯ ಅಂಶವನ್ನು ಕುಡಿದುಕೊಳ್ಳುತ್ತದೆ, ಆದ್ದರಿಂದಲೇ ಸುಟ್ಟಸುಣ್ಣ ನಾಲಿಗೆ ಸುಡುತ್ತದೆ, ನೀರು ಬಿದ್ದಾಗ ಕುಡಿದ ಬೆಂಕಿಯನ್ನು ಕಕ್ಕುತ್ತದೆ ಎಂಬುದು ಅವರ ವಾದ. ಕೇಳಲು ಸರಿಯಾಗಿಯೇ ಇದೆ. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ತರುಣ ವೈದ್ಯ ತಕ್ಕಡಿ ಹಿಡಿದು ಕೂತ. ಬೆಂಕಿ ಒಳಗೆ ಸೇರಿದ್ದರೆ ಕಲ್ಲು ಭಾರವಾಗಬೇಕಿತ್ತಲ್ಲ, ಹಗುರವಾದದ್ದೇಕೆ? ಕಲ್ಲಿನೊಳಗೆ 'ಸ್ಥಿರವಾಗಿ ಕೂತ ಗಾಳಿ'ಯೊಂದು ಹೊರಟುಹೋಗಿದೆ, ಅದನ್ನು ಮರಳಿ ಕೊಟ್ಟರೆ ಸುಣ್ಣ ಮತ್ತೆ ಮೊದಲಿನ ಸಾಧು ವಸ್ತುವಾಗುತ್ತದೆ ಎಂದು ಆತ ತೋರಿಸಿದ. ಪ್ರಯೋಗಗಳು 1756ರಲ್ಲಿ ಪ್ರಕಟವಾದವು. ಆ ಗಾಳಿಯೇ ನಾವು ಇಂದು ಹೇಳುವ ಇಂಗಾಲದ ಡೈ ಆಕ್ಸೈಡ್. ತಿಳಿಸುಣ್ಣದ ನೀರಿಗೆ ಕೊಳವೆಯಿಂದ ಉಸಿರು ಊದಿದರೆ ಹಾಲಾಗುವ ಶಾಲೆಯ ಪ್ರಯೋಗ ಓದುಗರಿಗೆ ನೆನಪಿರಬಹುದು. ಅದರ ಬೇರು ಇಲ್ಲಿದೆ.

ಬೆಂಕಿ ಎಂಬ ವಸ್ತು ಕಲ್ಲಿನಲ್ಲಿ ಇಲ್ಲವೆಂದು ತಕ್ಕಡಿ ಹೇಳಿತು, ಸರಿ. ಆದರೆ ಬಾನಿ ಕುದಿಯುವುದೇನೂ ನಿಲ್ಲಲಿಲ್ಲವಲ್ಲ! ಹಾಗಾದರೆ ಆ ಶಾಖ? ಹಳಬರು ಪೂರ್ತಿ ತಪ್ಪಿರಲಿಲ್ಲ. ಭಟ್ಟಿಯಿಂದ ಕಲ್ಲು ಏನನ್ನೋ ಪಡೆದದ್ದು ಹೌದು. ಅದು ತೂಗುವ ವಸ್ತುವಲ್ಲ, ಶಕ್ತಿ. ಸುಣ್ಣದ ಕಲ್ಲಿನಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಮತ್ತು ಇಂಗಾಲದ ಡೈ ಆಕ್ಸೈಡ್ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಈ ಹಿಡಿತ ಬಿಡಿಸಲು ಶಕ್ತಿ ಸುರಿಯಬೇಕು. 100 ಗ್ರಾಂ ಕಲ್ಲಿಗೆ ಬೇಕಾದದ್ದು ಸುಮಾರು 178 ಕಿಲೊಜೌಲ್. (ಒಂದು ಲೀಟರ್ ನೀರಿನ ತಾಪವನ್ನು ಒಂದು ಡಿಗ್ರಿ ಏರಿಸಲು 4.2 ಕಿಲೊಜೌಲ್ ಬೇಕು ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಸಾಕು.) ಹೀಗೆ ಶಾಖವನ್ನು ಒಳಗೆಳೆದುಕೊಳ್ಳುವ ಕ್ರಿಯೆಗೆ ಅಂತರುಷ್ಣಕ ಕ್ರಿಯೆ ಎಂದು ಹೆಸರು. ಭಟ್ಟಿ ಆರಿ, ಹರಳು ತಣ್ಣಗಾದರೂ ಈ ಶಕ್ತಿ ಎಲ್ಲಿಯೂ ಹೋಗುವುದಿಲ್ಲ. ಬಿಡಿಸಿದ ಜೋಡಿ ಮತ್ತೆ ಕೂಡುವ ಅವಕಾಶಕ್ಕೆ ಕಾಯುತ್ತ ಕೂತಿರುತ್ತದೆ.

ಆ ಅವಕಾಶದ ಮೊದಲ ಕಂತು ನೀರು. 56 ಗ್ರಾಂ ಸುಟ್ಟಸುಣ್ಣ 18 ಗ್ರಾಂ ನೀರನ್ನು ಹೀರಿ ಅರಳಿದ ಸುಣ್ಣವಾಗುವಾಗ ಸುಮಾರು 65 ಕಿಲೊಜೌಲ್ ಹೊರಬರುತ್ತದೆ. ಇದು ಬಹಿರುಷ್ಣಕ ಕ್ರಿಯೆ. ಎರಡನೆಯ ಕಂತು ಬಹಳ ನಿಧಾನ. ಗೋಡೆಗೆ ಬಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ, ನೀರನ್ನು ಬಿಟ್ಟುಕೊಟ್ಟು, ಮತ್ತೆ ಸುಣ್ಣದ ಕಲ್ಲಾಗುತ್ತದೆ. ಆಗ ಹೊರಬೀಳುವುದು ಸುಮಾರು 113 ಕಿಲೊಜೌಲ್. ಈಗ ಕೂಡಿಸಿ ನೋಡಿ: 65ಕ್ಕೆ 113 ಸೇರಿಸಿದರೆ 178. ಭಟ್ಟಿಯಲ್ಲಿ ಕೊಟ್ಟದ್ದೆಷ್ಟೋ ಅಷ್ಟೂ ವಾಪಸು ಬಂತು. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕವೂ ಇಷ್ಟು ಚೊಕ್ಕವಾಗಿರುವುದು ಅಪರೂಪ!

ಈ ಲೆಕ್ಕ ಹೀಗೆ ಹೊಂದಲೇಬೇಕು ಎಂದು 1840ರಲ್ಲಿ ಸಾರಿದವನು ಜರ್ಮೇನ್ ಹೆಸ್. ಹುಟ್ಟಿದ್ದು ಜಿನೀವಾದಲ್ಲಿ, ಕೆಲಸ ಮಾಡಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ. ಆತನ ನಿಯಮದ ಸಾರ ತಿಳಿಯಲು ನಮ್ಮ ರಸ್ತೆಗಳೇ ಸಾಕು. ಕೂಡ್ಲಿಗಿಯಿಂದ ಹಡಗಲಿಗೆ ಕೊಟ್ಟೂರು ಮೇಲೆ ಹೋಗಬಹುದು, ಹಗರಿಬೊಮ್ಮನಹಳ್ಳಿ ಮೇಲೂ ಹೋಗಬಹುದು. ಏರು ಇಳಿವು ಬೇರೆ, ಬಸ್ಸಿನ ಟಿಕೆಟ್ಟು ಬೇರೆ, ಧೂಳೂ ಬೇರೆ. ಆದರೆ ಎರಡು ಊರುಗಳ ನೆಲದ ಎತ್ತರದಲ್ಲಿರುವ ವ್ಯತ್ಯಾಸ ಮಾತ್ರ ಯಾವ ದಾರಿ ಹಿಡಿದರೂ ಒಂದೇ. ಹಾಗೆಯೇ ರಾಸಾಯನಿಕ ಕ್ರಿಯೆ ಒಂದೇ ಹೆಜ್ಜೆಯಲ್ಲಿ ನಡೆಯಲಿ, ಮೂರು ಹೆಜ್ಜೆಯಲ್ಲಿ ನಡೆಯಲಿ, ಹೊರಟ ವಸ್ತು ಮತ್ತು ತಲುಪಿದ ವಸ್ತುಗಳ ನಡುವಿನ ಶಾಖದ ಅಂತರ ಬದಲಾಗದು. ವಸ್ತುವಿನ ಈ 'ಎತ್ತರ'ಕ್ಕೇ ಎಂಥಾಲ್ಪಿ ಎಂದು ಹೆಸರು. ಬಿಸಿಮಾಡು ಎಂಬ ಅರ್ಥದ ಗ್ರೀಕ್ ಮೂಲದಿಂದ ಡಚ್ ವಿಜ್ಞಾನಿ ಕಾಮರ್ಲಿಂಗ್ ಓನ್ಸ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿಕೊಟ್ಟ ಪದವಿದು. ಒಂದು ವಸ್ತುವಿನಲ್ಲಿ ಎಂಥಾಲ್ಪಿ ಒಟ್ಟು ಎಷ್ಟಿದೆ ಎಂದು ಅಳೆಯುವ ಉಪಕರಣವಿಲ್ಲ. ತಿಜೋರಿಯಲ್ಲಿ ಇದ್ದದ್ದು ಯಾರಿಗೂ ಕಾಣದು. ಹೋದದ್ದು, ಬಂದದ್ದು ಮಾತ್ರ ಎಣಿಕೆಗೆ ಸಿಗುತ್ತದೆ.

ಇನ್ನು ಅಜ್ಜಿಯ ಕೂಗಿನ ಮಾತು. ಅದು ಬರಿಯ ಗದರಿಕೆಯಲ್ಲ.

ಒಂದು ಕಿಲೊ ಒಳ್ಳೆಯ ಸುಟ್ಟಸುಣ್ಣ ನೀರು ಹೀರಿದಾಗ ಹೊರಬರುವ ಶಾಖ ಸುಮಾರು 1,160 ಕಿಲೊಜೌಲ್. ಸೋರಿಕೆಯೇನೂ ಇಲ್ಲದಿದ್ದರೆ ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಇಷ್ಟು ಸಾಕು. ಮನೆಗೆ ತಂದ ಐದು ಕಿಲೊ ಹರಳಿನಲ್ಲಿ ಹೆಚ್ಚು ಕಡಿಮೆ 400 ಗ್ರಾಂ ಒಣಸೌದೆ ಉರಿಸಿದಷ್ಟು ಶಾಖ ಅಡಗಿರುತ್ತದೆ. ಸೌದೆ ಉರಿದರೆ ಜ್ವಾಲೆ ಕಾಣುತ್ತದೆ, ಜನ ದೂರ ನಿಲ್ಲುತ್ತಾರೆ. ಸುಣ್ಣದಲ್ಲಿ ಕಾಣುವುದಿಲ್ಲ, ಹತ್ತಿರ ಬಗ್ಗುತ್ತಾರೆ. ಸುಟ್ಟಸುಣ್ಣದ ಚೀಲ ಮಳೆಯಲ್ಲಿ ನೆನೆದು ಗೋಣಿತಟ್ಟು ಹೊತ್ತಿಕೊಳ್ಳುವ ಅಪಾಯವೂ ಉಂಟು. ಹಿಂದೆ ಸುಣ್ಣ ಹೇರಿದ ಹಡಗುಗಳ ನಾವಿಕರು ಸಮುದ್ರದ ನೀರು ಒಳಗೆ ಜಿನುಗೀತೆಂದು ಹೆದರುತ್ತಿದ್ದುದು ಇದೇ ಕಾರಣಕ್ಕೆ.

ಇಲ್ಲಿಯೇ ಬಹಳ ಜನ ಎಡವುವುದು. ಶಾಖ ಬೇರೆ, ತಾಪಮಾನ ಬೇರೆ. ಒಂದು ಕಿಲೊ ಹರಳಿಗೆ ಎರಡು ಲೀಟರ್ ನೀರು ಹಾಕಿದರೆ ಬಾನಿ ಕುದಿದು ಸಿಡಿಯುತ್ತದೆ. ಅದೇ ಹರಳನ್ನು ಹತ್ತು ಲೀಟರ್ ನೀರಿಗೆ ಬಿಟ್ಟರೆ ತಾಪ ಏರುವುದು 26–27 ಡಿಗ್ರಿಯಷ್ಟೇ. ಸ್ನಾನದ ನೀರಿಗಿಂತ ತುಸು ಬಿಸಿ. ಹೊರಬಂದ ಶಾಖ ಎರಡೂ ಕಡೆ ಅಷ್ಟೇ, ಹಂಚಿಕೊಳ್ಳುವ ನೀರಿನಲ್ಲಿ ಮಾತ್ರ ವ್ಯತ್ಯಾಸ. ಆದ್ದರಿಂದ ಅರಳಿಸುವಾಗ ಮೊದಲು ಅಗಲ ಬಾಯಿಯ ಪಾತ್ರೆಯಲ್ಲಿ ಬೇಕಾದಷ್ಟು ನೀರು ತುಂಬಿಕೊಂಡು, ಹರಳನ್ನು ಸ್ವಲ್ಪ ಸ್ವಲ್ಪವಾಗಿ ಬಿಡುವುದು ಕ್ಷೇಮ. ಹರಳಿನ ರಾಶಿಯ ಮೇಲೆ ಚೊಂಬಿನಿಂದ ನೀರು ಚಿಮುಕಿಸುವುದು ಅಪಾಯ.

ಮೈಮೇಲೆ ಬಿದ್ದಾಗಲೂ ಇದೇ ಲೆಕ್ಕ. ಒಣ ಸುಟ್ಟಸುಣ್ಣದ ಪುಡಿ ಚರ್ಮದ ಮೇಲೆ ಬಿದ್ದರೆ ಒಡನೆ ಒದ್ದೆ ಬಟ್ಟೆಯಿಂದ ಒರೆಸುವುದು ಸಹಜ. ಆ ಒದ್ದೆ ಬಟ್ಟೆಯ ನೀರು ಸುಣ್ಣವನ್ನು ಕೆರಳಿಸಲು ಸಾಕು, ತಣಿಸಲು ಸಾಲದು. ಮೊದಲು ಒಣಗಿದ್ದಂತೆಯೇ ಝಾಡಿಸಿ ತೆಗೆಯಬೇಕು, ಆಮೇಲೆ ಧಾರಾಳ ನೀರು ಹುಯ್ಯಬೇಕು. ಕಣ್ಣಿಗೆ ಬಿದ್ದರೆ ಮಾತ್ರ ಯಾವ ಯೋಚನೆಯೂ ಬೇಡ, ಆ ಕ್ಷಣವೇ ಶುದ್ಧ ನೀರು. ರೆಪ್ಪೆ ಬಿಡಿಸಿ ಹಿಡಿದು, ಕಡಿಮೆಯೆಂದರೂ ಹದಿನೈದು ಇಪ್ಪತ್ತು ನಿಮಿಷ ನೀರು ಹರಿಸುತ್ತಲೇ ಇರಬೇಕು. ಆಮೇಲೆ ತಡಮಾಡದೆ ಕಣ್ಣಿನ ಆಸ್ಪತ್ರೆ. ಸುಣ್ಣ ಬಿಸಿ ಆರಿದ ಮೇಲೂ ಸುಮ್ಮನಿರುವ ವಸ್ತುವಲ್ಲ. ಅದು ತೀವ್ರ ಕ್ಷಾರ. ಕಣ್ಣಿನ ಪಾರದರ್ಶಕ ಪಟಲವನ್ನು ಕೊರೆಯುತ್ತ ಬೆಳ್ಳಗಾಗಿಸುತ್ತದೆ. ರೆಪ್ಪೆಯ ಅಡಿ ಒಂದು ಚೂರು ಉಳಿದರೂ ಗಂಟೆಗಟ್ಟಲೆ ತನ್ನ ಕೆಲಸ ಮಾಡುತ್ತದೆ. ಎಲೆ ಅಡಿಕೆಯ ಅಂಗಡಿಗಳಲ್ಲಿ ಸಿಗುವ ಸುಣ್ಣದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ಮತ್ತು ಟ್ಯೂಬುಗಳನ್ನು ಮಕ್ಕಳು ಹಿಚುಕಿ ಆಡುವಾಗ ಅದು ಒಡೆದು ಕಣ್ಣಿಗೆ ಚಿಮ್ಮಿದ ಪ್ರಕರಣಗಳನ್ನು ನಮ್ಮ ದೇಶದ ನೇತ್ರವೈದ್ಯರು ಮತ್ತೆ ಮತ್ತೆ ವರದಿ ಮಾಡಿದ್ದಾರೆ. ಅಲ್ಲಿ ಶಾಖವೇ ಇಲ್ಲ, ಕ್ಷಾರವೊಂದೇ. ದೃಷ್ಟಿ ಹೋಗಲು ಅದೇ ಸಾಕಾಗಿದೆ. ಕ್ಷಾರಕ್ಕೆ ಹುಳಿ ಮದ್ದು ಎಂದು ನಿಂಬೆರಸ ಹಿಂಡುವ ಜಾಣರೂ ಇರುತ್ತಾರೆ. ಹುಳಿ ಕ್ಷಾರ ಕೂಡುವ ಕ್ರಿಯೆಯೂ ಬಹಿರುಷ್ಣಕ! ನೊಂದ ಕಣ್ಣಿನೊಳಗೆ ಮತ್ತಷ್ಟು ಬಿಸಿ ಹುಟ್ಟಿಸಿದಂತೆ. ತುಪ್ಪ, ಎಣ್ಣೆಗಳೂ ಬೇಡ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂದು ಗಾದೆ ಕಟ್ಟಿದವರಿಗೆ ಸುಣ್ಣ ಬಿದ್ದ ಕಣ್ಣಿನ ಗತಿ ಗೊತ್ತಿತ್ತು.

ಸುಣ್ಣದ ಎರಡನೆಯ ಕಂತಿನ ಶಾಖವನ್ನು ಕಂಡವರು ಯಾರೂ ಇಲ್ಲ. 113 ಕಿಲೊಜೌಲ್ ಎಂದರೆ ಬಾನಿಯಲ್ಲಿ ಹೊರಬಂದದ್ದಕ್ಕಿಂತ ಹೆಚ್ಚು. ಆದರೆ ಅದು ತಿಂಗಳು, ವರ್ಷಗಳ ಉದ್ದಕ್ಕೂ ಹನಿಹನಿಯಾಗಿ ಬರುತ್ತದೆ. ಗೋಡೆ ಮುಟ್ಟಿದರೆ ತಣ್ಣಗೆ. ಹಂಪಿಯ ಕಮಲ ಮಹಲು, ಆನೆ ಲಾಯಗಳ ಗಾರೆಯೂ ವಿರೂಪಾಕ್ಷನ ಗೋಪುರದ ಗಚ್ಚಿನ ಬೊಂಬೆಗಳೂ ಹೀಗೆ ಗಾಳಿ ಕುಡಿದು ಕಲ್ಲಾದವುಗಳೇ. ಎತ್ತು ಕಟ್ಟಿ ಕಲ್ಲಿನ ಗಾಲಿಯಿಂದ ಅರೆದ ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ ಬೆರೆಸುವ ಪದ್ಧತಿ ದಕ್ಷಿಣ ಭಾರತದಲ್ಲೆಲ್ಲ ಇತ್ತು. ಇಂಥ ಹಳೆಯ ಗೋಡೆಗೆ ಈಗಿನವರು ಸಿಮೆಂಟು ಮೆತ್ತಿದರೆ ಅದು ಉಸಿರುಗಟ್ಟಿದಂತೆ. ಒಳಗಿನ ತೇವ ಹೊರಬರಲಾರದೆ ಉಪ್ಪು ಕಟ್ಟಿ, ಸಿಮೆಂಟಿನ ಪಕ್ಕದ ಹಳೆಯ ಗಾರೆಯೇ ಉದುರತೊಡಗುತ್ತದೆ. ಹಳೆಯ ಗುಡಿಗಳ ಜೀರ್ಣೋದ್ಧಾರ ಸಮಿತಿಗಳು ಗಮನಿಸಬೇಕಾದ ಸಂಗತಿಯಿದು.

ಹಗರಿಬೊಮ್ಮನಹಳ್ಳಿ, ಹಡಗಲಿ ತಾಲ್ಲೂಕುಗಳ ಹಲವು ಹಳ್ಳಿಗಳನ್ನು ಮುಳುಗಿಸಿ ನಿಂತ ತುಂಗಭದ್ರಾ ಜಲಾಶಯದ ಕಥೆಯಲ್ಲೂ ಸುಣ್ಣವಿದೆ. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ಹರಿದ ಈ ಅಣೆಕಟ್ಟಿನ ಕಲ್ಲುಗಳನ್ನು ಹಿಡಿದಿರುವುದು ಸುರ್ಕಿ ಗಾರೆ, ಅಂದರೆ ಸುಣ್ಣದ ಜೊತೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ್ದು. ಇದಕ್ಕೂ ಮೊದಲು ಕಟ್ಟಿದ ಕನ್ನಂಬಾಡಿಯಲ್ಲೂ, 1895ರಲ್ಲಿ ಮುಗಿದ ಮುಲ್ಲಪೆರಿಯಾರಿನಲ್ಲೂ ಸುರ್ಕಿಯೇ. ಹತ್ತಾರು ಅಡಿ ದಪ್ಪದ ಕಟ್ಟೆಯ ನಡುವಿಗೆ ಗಾಳಿ ತಲುಪುವುದಿಲ್ಲ. ಬರಿಯ ಸುಣ್ಣವಾದರೆ ಅಲ್ಲಿ ಎಂದೆಂದಿಗೂ ಹಸಿಯಾಗಿಯೇ ಇರುತ್ತಿತ್ತು. ಇಟ್ಟಿಗೆಪುಡಿಯಲ್ಲಿರುವ ಸಿಲಿಕಾ, ಅಲ್ಯೂಮಿನಾಗಳು ನೀರಿನೊಳಗೇ ಸುಣ್ಣದೊಡನೆ ಕೂಡಿ ಗಟ್ಟಿಯಾಗುತ್ತವೆ. ಇದೂ ಶಾಖ ಬಿಡುವ ಕ್ರಿಯೆಯೇ, ಆದರೆ ಆಮೆಯ ನಡಿಗೆ.

ಸಿಮೆಂಟಿನ ಸ್ವಭಾವ ಇದಕ್ಕೆ ವಿರುದ್ಧ. ಒಂದು ಕಿಲೊ ಸಿಮೆಂಟು ಗಟ್ಟಿಯಾಗುವಾಗ 300ರಿಂದ 400 ಕಿಲೊಜೌಲ್ ಶಾಖ ಬಿಡುತ್ತದೆ, ಅದರಲ್ಲಿ ಬಹುಪಾಲು ಮೊದಲ ಕೆಲವು ದಿನಗಳಲ್ಲೇ. ಮನೆಯ ತಾರಸಿಯಲ್ಲಿ ಈ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಬೆಟ್ಟದಂಥ ಕಾಂಕ್ರೀಟು ರಾಶಿಯಲ್ಲಿ ಹೋಗಲು ದಾರಿಯಿಲ್ಲ. ಒಡಲು ಇಪ್ಪತ್ತು ಮೂವತ್ತು ಡಿಗ್ರಿ ಕಾಯುತ್ತದೆ, ಮೈ ತಣ್ಣಗಿರುತ್ತದೆ, ನಡುವೆ ಬಿರುಕು ಹುಟ್ಟುತ್ತದೆ. ಅಮೆರಿಕದ ಹೂವರ್ ಅಣೆಕಟ್ಟನ್ನು 1930ರ ದಶಕದಲ್ಲಿ ಕಟ್ಟುವಾಗ ಕಾಂಕ್ರೀಟು ತಾನಾಗಿ ಆರಲು ನೂರು ವರ್ಷಕ್ಕೂ ಹೆಚ್ಚು ಬೇಕೆಂದು ಎಂಜಿನಿಯರುಗಳು ಲೆಕ್ಕ ಹಾಕಿದರು. ಕಟ್ಟೆಯೊಳಗೆ 900 ಕಿಲೋಮೀಟರಿಗೂ ಮಿಕ್ಕಿ ಸಣ್ಣ ಕೊಳವೆಗಳನ್ನು ಹುಗಿದು ತಣ್ಣೀರು ಹರಿಸಿ ಅದನ್ನು ಆರಿಸಿದರು.

ತುಂಗಭದ್ರೆಯಲ್ಲಿ ಸುರ್ಕಿ ಬಳಸಿದ್ದು ಶಾಖಕ್ಕೆ ಹೆದರಿಯೇ ಎಂದು ಹೇಳುವಂತಿಲ್ಲ. ಅದು ಆ ಕಾಲದ ರೂಢಿಯ ಗಾರೆ. ಆದರೆ ಕಟ್ಟೆಯ ಗಾತ್ರದಲ್ಲಿ ಹೆಚ್ಚಿನ ಪಾಲು ತಣ್ಣನೆಯ ಕಲ್ಲು, ಕಲ್ಲಿನ ನಡುವೆ ನಿಧಾನವಾಗಿ ಶಾಖ ಬಿಡುವ ಗಾರೆ. ಕೊಳವೆ ಹುಗಿಯುವ ಪ್ರಮೇಯವೇ ಬರಲಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋಗಿ ಈ ಸೀಮೆಯೆಲ್ಲ ಉಸಿರು ಬಿಗಿಹಿಡಿದಿತ್ತು. ಒಂದು ವಾರ ನೀರು ಪೋಲಾಗಿ, ತಾತ್ಕಾಲಿಕ ಗೇಟು ಇಳಿಸಿದ ಮೇಲೆ ಜನ ನಿಟ್ಟುಸಿರು ಬಿಟ್ಟರು. ಅಂದು ತುಂಡಾದದ್ದು ಗೇಟಿನ ಕಬ್ಬಿಣದ ಸರಪಳಿ. ಸುಣ್ಣ, ಇಟ್ಟಿಗೆಪುಡಿ ಹಿಡಿದುಕೊಂಡ ಕಲ್ಲಿನ ಗೋಡೆ ತನ್ನ ಜಾಗದಲ್ಲೇ ಇತ್ತು.